ಮಕ್ಕಳು ತುಂಬಿದ ಮನೆಗೆ ಮುಧೋಳ ಮರಿ ತರುವ ಮುನ್ನ

ಬೇಸಿಗೆ ರಜೆ ಬಂತೆಂದರೆ ಜಮಖಂಡಿ, ಬಾಗಲಕೋಟೆ ಕಡೆಯ ಕೂಡುಕುಟುಂಬಗಳಲ್ಲಿ ಮಕ್ಕಳದು ಒಂದೇ ಹಟ: ಮುಧೋಳ ನಾಯಿಮರಿ ಬೇಕು. ತನ್ನಿ, ಬೇಡವೆನ್ನುವುದಿಲ್ಲ. ಆದರೆ ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಬೇಡಿ, ಮಾರುವವರು ಎಷ್ಟೇ ಅವಸರ ಮಾಡಲಿ. ಮುಧೋಳ ತಾಲೂಕಿನ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿದರೆ ಇನ್ನೂ ಒಳ್ಳೆಯದು.

ಇದು ಬೇಟೆಯ ತಳಿ, ತೊಡೆಯ ಮೇಲೆ ಕೂರಿಸಿಕೊಳ್ಳುವ ನಾಯಿಯಲ್ಲ. ಅಪರಿಚಿತರು ಮೈಮುಟ್ಟಿದರೆ ಇದಕ್ಕೆ ಹಿಡಿಸದು. ಹಾಗಾಗಿ ಮೊದಲ ವಾರ ಓಣಿಯ ಮಕ್ಕಳ ದಂಡಿಗೆ ಪ್ರವೇಶವಿಲ್ಲ. ಮನೆಯ ಮಕ್ಕಳು ಮಾತ್ರ, ಅದೂ ಒಬ್ಬೊಬ್ಬರಾಗಿ, ನೆಲದ ಮೇಲೆ ಕುಳಿತು ಮಾತನಾಡಿಸಲಿ. ಎತ್ತಿಕೊಂಡು ಓಡಾಡುವಾಗ ಕೈತಪ್ಪಿದರೆ ಆ ಕಡ್ಡಿಯಂಥ ಕಾಲು ಮುರಿದೀತು.

ಮರಿ ದಿನಕ್ಕೆ 18ರಿಂದ 20 ಗಂಟೆ ಮಲಗುತ್ತದೆ. ಪಡಸಾಲೆಯ ಮೂಲೆಯಲ್ಲಿ ಹಳೆಯ ಕೌದಿ ಹಾಸಿ, “ಕೌದಿಯ ಮೇಲಿದ್ದಾಗ ಯಾರೂ ಮುಟ್ಟಬಾರದು” ಎಂದು ಖಡಾಖಂಡಿತವಾಗಿ ಹೇಳಿ. ಊಟದ ತಟ್ಟೆಗೂ ಇದೇ ಕಾನೂನು. ಊಟ ಹಾಕುವ ಹೊಣೆ ದೊಡ್ಡವರೊಬ್ಬರ ಮೇಲಿರಲಿ, ಇಲ್ಲವಾದರೆ ಮರಿ ಒಂದು ದಿನ ಐದು ಸಲ ಉಣ್ಣುತ್ತದೆ, ಮರುದಿನ ಉಪವಾಸ. ಚಾಕೊಲೇಟ್, ಒಣದ್ರಾಕ್ಷಿ ಎರಡೂ ನಾಯಿಗೆ ವಿಷ. ದ್ರಾಕ್ಷಿ ಬೆಳೆಯುವ ವಿಜಯಪುರದ ನೆಂಟರಿರುವ ಮನೆಯಲ್ಲಿ ಒಣದ್ರಾಕ್ಷಿಯ ಡಬ್ಬಿ ಮಕ್ಕಳ ಕೈಗೆಟುಕುವಂತೆಯೇ ಇರುತ್ತದೆ, ಮೇಲಿಡಿ.

ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ. ಆಟದಲ್ಲಿ ಮರಿಯ ಹಲ್ಲು ತರಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಸುಣ್ಣ, ಖಾರದಪುಡಿ ಹಿಡಿದು ಬರುವ ಅಜ್ಜಿಯನ್ನು ತಡೆಯುವುದು ಮರಿ ಸಾಕುವುದಕ್ಕಿಂತ ಕಷ್ಟ, ಆದರೂ ತಡೆಯಿರಿ.