ಗೋವಾಕ್ಕೆ ಹೊಸದಾಗಿ ಬಂದವರಿಗೆ: ಫುಟ್‌ಬಾಲ್ ಬೆಟ್ಟಿಂಗಿನ ಮಾತು, ಅದರೊಳಗಿನ ಲೆಕ್ಕ

ಗದಗ, ಬಾಗಲಕೋಟೆ, ವಿಜಯಪುರ ಕಡೆಯಿಂದ ವಾಸ್ಕೋಗೆ ಕೆಲಸಕ್ಕೆ ಬರುವ ನಮ್ಮ ಹುಡುಗರಿಗೆ ಕ್ರಿಕೆಟ್ ಗೊತ್ತು, ಕಬಡ್ಡಿ ಗೊತ್ತು. ಇಲ್ಲಿ ಕಾಲಿಟ್ಟ ಮೇಲೆ ಕಿವಿಗೆ ಬೀಳುವುದೆಲ್ಲ ಫುಟ್‌ಬಾಲ್. 2012ರಲ್ಲಿ ಗೋವಾ ಸರ್ಕಾರ ಇದನ್ನೇ ರಾಜ್ಯದ ಆಟ ಅಂತ ಘೋಷಿಸಿತು. ಆಟದ ಮಾತಿನ ಜೊತೆಗೇ ರೂಮಿನಲ್ಲಿ, ಚಹಾದಂಗಡಿಯಲ್ಲಿ ಬೆಟ್ಟಿಂಗಿನ ಮಾತೂ ಬರುತ್ತದೆ. ಅರ್ಥವಾಗದೆ ತಲೆಯಾಡಿಸಿದವರೇ ಮೊದಲು ದುಡ್ಡು ಕಳೆದುಕೊಳ್ಳುವುದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

2022ರ ಡಿಸೆಂಬರ್ 18, ವಿಶ್ವಕಪ್ ಫೈನಲ್. ನಮ್ಮ ಪಕ್ಕದ ರೂಮಿನ ಹುಡುಗನೊಬ್ಬ ಅರ್ಜೆಂಟೀನಾ ಗೆಲ್ಲುತ್ತದೆ ಅಂತ ಎರಡು ಸಾವಿರ ಹಾಕಿದ್ದ. ಅರ್ಜೆಂಟೀನಾ ಗೆದ್ದಿತು, ಬೀದಿಯಲ್ಲಿ ಪಟಾಕಿ ಹೊಡೆದರು. ಅವನ ದುಡ್ಡು ಮಾತ್ರ ಹೋಯಿತು. ಮೋಸ ಮಾಡಿದರು ಅಂತ ಅತ್ತುಬಿಟ್ಟ. ನಿಜ ಹೇಳಬೇಕೆಂದರೆ ಅಲ್ಲಿ ಮೋಸ ಇರಲಿಲ್ಲ, ನಿಯಮವೇ ಹಾಗಿತ್ತು. ಸಾಮಾನ್ಯ ಗೆಲುವು-ಸೋಲಿನ ಬೆಟ್ 90 ನಿಮಿಷಕ್ಕೆ, ಅದರ ಕೊನೆಗೆ ರೆಫರಿ ಸೇರಿಸುವ ಸಮಯಕ್ಕೆ ಮಾತ್ರ. ಆಮೇಲೂ ಸಮ ಇದ್ದರೆ ಆಡಿಸುವ ಅರ್ಧ ಗಂಟೆಯ ಎಕ್ಸ್‌ಟ್ರಾ ಟೈಮ್, ಅದರಲ್ಲೂ ತೀರದಿದ್ದರೆ ನಡೆಯುವ ಪೆನಾಲ್ಟಿ ಶೂಟೌಟ್ ಲೆಕ್ಕಕ್ಕಿಲ್ಲ. ಆವತ್ತು 90 ನಿಮಿಷದ ಹೊತ್ತಿಗೆ 2-2. ಅಂದರೆ ಬೆಟ್ಟಿಂಗಿನ ಪುಸ್ತಕದಲ್ಲಿ ಅದು ಡ್ರಾ. ಕಪ್ ಎತ್ತುವವರು ಯಾರು ಅನ್ನುವುದು ಬೇರೆಯೇ ಬೆಟ್.

ಈ ಮೂಲ ಬೆಟ್ಟಿಗೆ ‘ಒನ್ ಎಕ್ಸ್ ಟೂ’ ಅನ್ನುತ್ತಾರೆ. ಒನ್ ಅಂದರೆ ತವರಿನ ತಂಡ, ಎಕ್ಸ್ ಅಂದರೆ ಡ್ರಾ, ಟೂ ಅಂದರೆ ಎದುರಾಳಿ. ಕ್ರಿಕೆಟ್ ನೋಡಿ ಬೆಳೆದ ನಮಗೆ ಈ ಎಕ್ಸ್ ನೆನಪಿಗೇ ಬರುವುದಿಲ್ಲ. ‘ಡಬಲ್ ಚಾನ್ಸ್’ ಅಂದರೆ ಮೂರರಲ್ಲಿ ಎರಡು ನಿಮ್ಮ ಕಡೆ, ರೇಟ್ ಕಡಿಮೆ. ‘ಡ್ರಾ ನೋ ಬೆಟ್’ ಅಂದರೆ ಡ್ರಾ ಆದರೆ ಹಾಕಿದ್ದು ವಾಪಸ್.

ಇನ್ನು ರೇಟ್, ಅಂದರೆ ಆಡ್ಸ್. ಇದನ್ನು ಸ್ವಲ್ಪ ನಿಧಾನವಾಗಿ ಓದಿ. 2.50 ಅಂದರೆ 100 ರೂಪಾಯಿ ಹಾಕಿ ಗೆದ್ದರೆ ಕೈಗೆ 250. ಅದರಲ್ಲಿ ನಿಮ್ಮದೇ 100 ಸೇರಿದೆ, ಲಾಭ 150. ನೂರನ್ನು ಆ ರೇಟಿನಿಂದ ಭಾಗಿಸಿ, 40 ಬರುತ್ತದೆ. ಗೆಲ್ಲುವ ಸಾಧ್ಯತೆ ನೂರಕ್ಕೆ 40 ಅಂತ ಆ ರೇಟ್ ಹೇಳುತ್ತಿದೆ. ಈಗ ಒಂದು ಪಂದ್ಯಕ್ಕೆ ತವರಿನ ತಂಡ 2.10, ಡ್ರಾ 3.30, ಎದುರಾಳಿ 3.40 ಇದೆ ಅಂದುಕೊಳ್ಳಿ. ಮೂರನ್ನೂ ಹೀಗೇ ಭಾಗಿಸಿ ಕೂಡಿಸಿ. 47.6, 30.3, 29.4. ಒಟ್ಟು 107.3. ನೂರು ಇರಬೇಕಾಗಿತ್ತು, ಅಲ್ವಾ? ಯಾರೇ ಗೆದ್ದರೂ ಕೈಗೆ 100 ರೂಪಾಯಿ ಬರಲಿ ಅಂತ ಮೂರೂ ಕಡೆ ಹಾಕಿದರೆ 107 ರೂಪಾಯಿ ಖರ್ಚಾಗುತ್ತದೆ. ಆ ಮೇಲಿನ ಏಳು ರೂಪಾಯಿಯೇ ಬುಕ್ಕಿಯ ಅಂಗಡಿ ನಡೆಸುವುದು. ಪಂದ್ಯ ಶುರುವಾಗುವ ಮೊದಲೇ ಅದು ರೇಟಿನೊಳಗೆ ಕೂತಿರುತ್ತದೆ.

‘ಓವರ್ ಟೂ ಪಾಯಿಂಟ್ ಫೈವ್’ ಅಂದರೆ ಎರಡೂ ತಂಡ ಸೇರಿ ಮೂರು ಗೋಲು ಅಥವಾ ಜಾಸ್ತಿ. ‘ಅಂಡರ್’ ಅಂದರೆ ಎರಡು ಅಥವಾ ಕಡಿಮೆ. ಅರ್ಧ ಗೋಲು ಯಾರೂ ಹೊಡೆಯುವುದಿಲ್ಲ, ಸಮ ಆಗಬಾರದು ಅಂತ ಇಟ್ಟಿದ್ದಾರೆ. ‘ಬೋತ್ ಟೀಮ್ಸ್ ಟು ಸ್ಕೋರ್’ ಅಂದರೆ ಎರಡೂ ಕಡೆ ಕನಿಷ್ಠ ಒಂದೊಂದು ಗೋಲು. ‘ಕರೆಕ್ಟ್ ಸ್ಕೋರ್’ ಅಂದರೆ ಕೊನೆಯ ಸ್ಕೋರನ್ನೇ ಹೇಳಬೇಕು. ರೇಟ್ ದೊಡ್ಡದು, ನಮ್ಮೂರ ಓಸಿ ನಂಬರ್ ಆಡುವವರಿಗೆ ಆಸೆ ಹುಟ್ಟಿಸುವುದು ಇದೇ.

ಹ್ಯಾಂಡಿಕ್ಯಾಪ್ ಎಲ್ಲರಿಗೂ ಗೊಂದಲ. ಬಲವಾದ ತಂಡಕ್ಕೆ ಆಟಕ್ಕೂ ಮೊದಲೇ ಗೋಲಿನ ಹೊರೆ ಹೊರಿಸುವುದು. ಮೈನಸ್ ಒಂದು ಅಂದರೆ ಆ ತಂಡ ಕನಿಷ್ಠ ಎರಡು ಗೋಲಿನ ಅಂತರದಲ್ಲಿ ಗೆದ್ದರೆ ನಿಮಗೆ ದುಡ್ಡು. ಏಷ್ಯನ್ ಹ್ಯಾಂಡಿಕ್ಯಾಪ್ ಅನ್ನುವ ಬಗೆಯಲ್ಲಿ, ಇದೇ ಮೈನಸ್ ಒಂದಕ್ಕೆ ತಂಡ ಒಂದೇ ಗೋಲಿನಲ್ಲಿ ಗೆದ್ದರೆ ಹಾಕಿದ್ದು ವಾಪಸ್. ಮೈನಸ್ ಒಂದೂವರೆ ಆದರೆ ಒಂದು ಗೋಲಿನ ಗೆಲುವಿಗೆ ಎಲ್ಲಾ ಹೋಯಿತು. ಮೈನಸ್ ಒಂದೂಕಾಲು ಅಂದರೆ ಅರ್ಧ ದುಡ್ಡು ಒಂದರ ಮೇಲೆ, ಅರ್ಧ ಒಂದೂವರೆ ಮೇಲೆ.

ನಮ್ಮ ಹುಡುಗರು ಜಾಸ್ತಿ ಕಳೆದುಕೊಳ್ಳುವುದು ‘ಅಕ್ಯುಮುಲೇಟರ್’ನಲ್ಲಿ. ನಾಲ್ಕೈದು ಪಂದ್ಯ ಒಂದೇ ಚೀಟಿಯಲ್ಲಿ, ಎಲ್ಲವೂ ಸರಿ ಬಂದರೆ ಮಾತ್ರ ದುಡ್ಡು. ನಾಣ್ಯ ಚಿಮ್ಮಿದಷ್ಟೇ ಅವಕಾಶ ಇರುವ ನಾಲ್ಕು ಬೆಟ್, ಪ್ರತಿಯೊಂದಕ್ಕೂ ರೇಟ್ 1.90 ಅಂತಿಟ್ಟುಕೊಳ್ಳಿ. ನಾಲ್ಕೂ ಸರಿ ಬರುವುದು ಹದಿನಾರಕ್ಕೆ ಒಂದು ಸಲ. ನ್ಯಾಯವಾಗಿ ನೂರಕ್ಕೆ 1600 ಕೊಡಬೇಕು. ಕೊಡುವುದು ಸುಮಾರು 1300. ಒಂದು ಬೆಟ್ಟಿನಲ್ಲಿ ನೂರಕ್ಕೆ ಐದರಷ್ಟಿದ್ದ ಕಡಿತ ಇಲ್ಲಿ ಹದಿನೆಂಟು ದಾಟಿತು. ಪಂದ್ಯ ನಡೆಯುವಾಗಲೇ ಹಾಕುವ ‘ಲೈವ್’ ಬೆಟ್ಟಿನಲ್ಲಿ ಇನ್ನೊಂದು ತೊಂದರೆ. ನಿಮ್ಮ ಮೊಬೈಲಿನಲ್ಲಿ ಕಾಣುವ ಆಟ ಮೈದಾನಕ್ಕಿಂತ ಹಲವು ಸೆಕೆಂಡ್ ಹಿಂದಿರುತ್ತದೆ. ಗೋಲು ನಿಮಗೆ ಕಾಣುವ ಮೊದಲೇ ರೇಟ್ ಬದಲಾಗಿರುತ್ತದೆ.

ಕಾನೂನಿನ ವಿಷಯ. ಪಣಜಿಯಲ್ಲಿ ಮಾಂಡವಿ ನದಿಯ ಕ್ಯಾಸಿನೊ ಹಡಗು ನೋಡಿ, ಗೋವಾದಲ್ಲಿ ಎಲ್ಲಾ ಜೂಜೂ ನಡೆಯುತ್ತದೆ ಅಂದುಕೊಳ್ಳಬೇಡಿ. ಆ ಲೈಸೆನ್ಸ್ ಒಳಗಿನ ಆಟಗಳಿಗೆ. ಬೀದಿಯಲ್ಲಿ ಫುಟ್‌ಬಾಲ್ ಮೇಲೆ ದುಡ್ಡು ಎತ್ತುವವನಿಗಲ್ಲ. ಆನ್‌ಲೈನ್ ದುಡ್ಡಿನ ಆಟ ನಡೆಸುವುದನ್ನು, ಅದರ ಜಾಹೀರಾತನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಪಾಸು ಮಾಡಿತು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಹಾಗಾಗಿ ಗೆದ್ದ ದುಡ್ಡು ಕೊಡದೆ ಆ್ಯಪ್ ಮಾಯವಾದರೆ ನೀವು ಯಾರ ಬಾಗಿಲು ಬಡಿಯುತ್ತೀರಿ?

ಎರಡು ವಿಷಯಕ್ಕೆ ಮಾತ್ರ ದಯವಿಟ್ಟು ಸಿಕ್ಕಿಕೊಳ್ಳಬೇಡಿ. ಒಂದು, ‘ನಿನ್ನ ಬ್ಯಾಂಕ್ ಅಕೌಂಟ್, ಸಿಮ್ ತಿಂಗಳಿಗೆ ಇಷ್ಟು ಬಾಡಿಗೆಗೆ ಕೊಡು’ ಅನ್ನುವವರು. ಆ ಅಕೌಂಟಿನಲ್ಲಿ ಓಡಾಡುವುದು ಇಂಥದ್ದೇ ದುಡ್ಡು. ಪೊಲೀಸರು ಬಂದಾಗ ಹೆಸರಿರುವುದು ನಿಮ್ಮದು. ಇನ್ನೊಂದು, ‘ಫಿಕ್ಸ್ ಆದ ಮ್ಯಾಚ್’ ಅಂತ ಟೆಲಿಗ್ರಾಮಿನಲ್ಲಿ ಮಾರುವವರು. ಅರ್ಧ ಜನರಿಗೆ ಒಂದು ತಂಡ, ಉಳಿದರ್ಧಕ್ಕೆ ಇನ್ನೊಂದು ತಂಡದ ಹೆಸರು ಕಳಿಸುತ್ತಾರೆ. ಸರಿ ಬಂದವರಿಗೆ ಮುಂದಿನ ವಾರ ಮತ್ತೆ ಹಾಗೇ. ಮೂರು ವಾರ ಸತತ ಸರಿ ಬಂದವನು ಊರಿಗೆ ಕಳಿಸಬೇಕಾದ ಸಂಬಳವನ್ನೂ ತಂದು ಕೊಡುತ್ತಾನೆ.

ಈಗಾಗಲೇ ಸಾಲದವರೆಗೆ ಹೋಗಿದ್ದರೆ ಮನೆಯವರ ಹತ್ತಿರ ಮುಚ್ಚಿಡಬೇಡಿ, ಹತ್ತಿರದ ಯಾರಾದರೂ ಅಣ್ಣನಂಥವರಿಗೆ ಹೇಳಿ. ನಿದ್ದೆ ಬಾರದಷ್ಟು ಮನಸ್ಸು ಕೆಟ್ಟಿದ್ದರೆ ಸರ್ಕಾರದ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.