ಲೇಸರ್‌ಗೆ ಹೋಗುವ ಮುನ್ನ ಥ್ರೆಡಿಂಗ್ ಬಿಡಿ

ಗದ್ದ, ಮೇಲ್ದುಟಿಯ ಕೂದಲಿಗೆ ಲೇಸರ್ ಮಾಡಿಸಿ ‘ದುಡ್ಡು ದಂಡವಾಯ್ತು’ ಎನ್ನುವವರಲ್ಲಿ ಎಷ್ಟೋ ಮಂದಿ ಹಿಂದಿನ ವಾರವಷ್ಟೇ ಪಾರ್ಲರ್‌ನಲ್ಲಿ ಥ್ರೆಡಿಂಗ್ ಮಾಡಿಸಿಕೊಂಡಿರುತ್ತಾರೆ. ಅಲ್ಲಿಗೆ ಆ ಸಿಟಿಂಗ್ ವ್ಯರ್ಥ.

ಕೂದಲಿಗೆ ಕಪ್ಪು ಬಣ್ಣ ಕೊಡುವ ಮೆಲನಿನ್ ಲೇಸರ್ ಬೆಳಕನ್ನು ಹೀರಿ ಕಾಯುತ್ತದೆ. ಆ ಕಾವು ಕೂದಲ ಬುಡವನ್ನು ಸುಡುತ್ತದೆ. ದಾರ, ವ್ಯಾಕ್ಸ್, ಚಿಮಟ, ಎಪಿಲೇಟರ್ ಯಾವುದರಿಂದ ಕಿತ್ತರೂ ಬುಡದಲ್ಲಿ ಕೂದಲೇ ಇರುವುದಿಲ್ಲ, ಬೆಳಕನ್ನು ಹೀರುವವರು ಯಾರು? ಆದ್ದರಿಂದ ಮೊದಲ ಸಿಟಿಂಗ್‌ಗೆ 4 ವಾರ, ಸಾಧ್ಯವಾದರೆ 6 ವಾರ ಮೊದಲೇ ಕೀಳುವುದನ್ನು ನಿಲ್ಲಿಸಿ, ಕೊನೆಯ ಸಿಟಿಂಗ್ ಮುಗಿಯುವ ತನಕ ಮತ್ತೆ ಕೀಳಬೇಡಿ. ಬ್ಲೀಚ್ ಕೂಡ ಬೇಡ. ನಡುವೆ ಕೂದಲು ಕಂಡರೆ ರೇಜರ್ ಒಂದೇ ದಾರಿ. ಬೋಳಿಸಿದರೆ ದಪ್ಪಗೆ ಬರುತ್ತದೆ ಎಂಬುದು ಸುಳ್ಳು. ತುದಿ ಮೊಂಡಾದ್ದರಿಂದ ಕೈಗೆ ಒರಟಾಗಿ ಸಿಗುತ್ತದೆ ಅಷ್ಟೆ. ಹಿಂದಿನ ದಿನ ಹೊಸ ಬ್ಲೇಡಿನಿಂದ ಪೂರ್ತಿ ಬೋಳಿಸಿ. ಚರ್ಮದ ಮೇಲೆ ಉಳಿದ ಕೂದಲು ಅಲ್ಲೇ ಸುಟ್ಟು ಕಲೆ ಬಿಡುತ್ತದೆ. ಹೊರಡುವ ದಿನ ಮುಖದ ಮೇಲೆ ಅರಿಶಿನ, ಕ್ರೀಮ್, ಪೌಡರ್ ಏನೂ ಇರಬಾರದು.

ಇನ್ನು ಯಂತ್ರ. ಮೆಲನಿನ್ ನಮ್ಮ ಚರ್ಮದಲ್ಲೂ ಇರುವುದರಿಂದ ತಪ್ಪು ಯಂತ್ರ ಚರ್ಮವನ್ನೇ ಸುಡುತ್ತದೆ. ಕಪ್ಪು ಮೈಬಣ್ಣಕ್ಕೆ 1064 ನ್ಯಾನೋಮೀಟರ್ ಅಲೆಯುದ್ದದ ಬೆಳಕು ಬಿಡುವ ಎನ್‌ಡಿ-ಯಾಗ್ ಲೇಸರ್ ಎಲ್ಲಕ್ಕಿಂತ ಸುರಕ್ಷಿತ. ಗೋಧಿ ಬಣ್ಣದವರಿಗೆ ತಂಪು ತುದಿಯ 810ರ ಡಯೋಡ್ ಕೂಡ ಆದೀತು. 755ರ ಅಲೆಕ್ಸಾಂಡ್ರೈಟ್ ಬಿಳಿ ಚರ್ಮದವರಿಗೆ. ಪ್ಯಾಕೇಜ್ ರೇಟು ಕೇಳುವ ಮೊದಲು ಯಾವ ಯಂತ್ರ ಎಂದು ಕೇಳಿ. ಉತ್ತರ ಬಾರದಿದ್ದರೆ ಎದ್ದು ಬನ್ನಿ. ಟೆಸ್ಟ್ ಪ್ಯಾಚ್ (ಮೊದಲು ಸಣ್ಣ ಜಾಗದಲ್ಲಿ ಪರೀಕ್ಷೆ) ಇಲ್ಲದೆ ಮುಖ ಒಡ್ಡಲೇಬಾರದು. ಆನ್‌ಲೈನ್‌ನಲ್ಲಿ ಸಿಗುವ ಐಪಿಎಲ್ (ಹಲವು ಅಲೆಯುದ್ದದ ಬೆಳಕನ್ನು ಮಿಂಚಿಸುವ) ಉಪಕರಣ ಲೇಸರ್ ಅಲ್ಲ, ಕಪ್ಪು ಚರ್ಮಕ್ಕೆ ಅದನ್ನು ಮುಟ್ಟಿಸಬೇಡಿ.

ಕಪ್ಪಗೆ, ದಪ್ಪಗೆ ಇರುವ ಕೂದಲಿಗೆ ಒಳ್ಳೆಯ ಫಲ. ಬಿಳಿ ಕೂದಲಿಗೆ ಲೇಸರ್ ನಾಟುವುದಿಲ್ಲ, ಅದಕ್ಕೆ ಸಣ್ಣ ಸೂಜಿಯಿಂದ ಬುಡಕ್ಕೆ ವಿದ್ಯುತ್ ಹಾಯಿಸುವ ಎಲೆಕ್ಟ್ರಾಲಿಸಿಸ್ ಮಾಡಿಸಬೇಕು. ಕೆನ್ನೆಯ ನವಿರು ಕೂದಲನ್ನು ಹಾಗೇ ಬಿಡಿ, ಕೆಲವರಲ್ಲಿ ಲೇಸರ್‌ನಿಂದಲೇ ಅದು ಇನ್ನೂ ದಟ್ಟವಾಗುತ್ತದೆ. ಪಿಸಿಒಡಿ (ಹಾರ್ಮೋನ್ ಏರುಪೇರಾಗುವ ಅಂಡಾಶಯದ ತೊಂದರೆ) ಇದ್ದವರು ಅದರ ಚಿಕಿತ್ಸೆಯನ್ನೂ ಜೊತೆಗೇ ಮಾಡಿಸದಿದ್ದರೆ ಹೊಸ ಕೂದಲು ಬರುತ್ತಲೇ ಇರುತ್ತದೆ. ಗರ್ಭಿಣಿಯರು ಹೆರಿಗೆಯ ನಂತರ ನೋಡಿಕೊಳ್ಳಲಿ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಸಿಟಿಂಗ್ ಸರಳ: ಕಣ್ಣಿಗೆ ಕನ್ನಡಕ, ರಬ್ಬರ್ ಬ್ಯಾಂಡ್ ಬಡಿದಂಥ ಚುರುಕು. ಪ್ರತಿ ಕೂದಲ ಸುತ್ತ ಸಣ್ಣ ಕೆಂಪು ಊತ ಎದ್ದರೆ ಬೆಳಕು ಬುಡ ಮುಟ್ಟಿದೆ ಎಂದರ್ಥ. ಒಂದೆರಡು ದಿನದಲ್ಲಿ ಇಳಿಯುತ್ತದೆ. ನೀರುಗುಳ್ಳೆ ಎದ್ದರೆ ಅದು ಸುಟ್ಟಗಾಯ, ಅಂದೇ ಚರ್ಮವೈದ್ಯರಿಗೆ ತೋರಿಸಿ. ಒಂದರಿಂದ ಮೂರು ವಾರದಲ್ಲಿ ಕೂದಲು ತಾನಾಗಿ ಉದುರುತ್ತದೆ.

ಬೆಳೆಯುವ ಹಂತದ ಕೂದಲಷ್ಟೇ ಲೇಸರ್‌ಗೆ ಸಿಗುವುದರಿಂದ ಮುಖಕ್ಕೆ 4–6, ಕೈಕಾಲಿಗೆ 6–8 ವಾರಗಳ ಅಂತರದಲ್ಲಿ 6ರಿಂದ 8 ಸಿಟಿಂಗ್ ಬೇಕು. ಬಿಸಿಲಿಗೆ ಕಪ್ಪಾದ ಚರ್ಮದ ಮೇಲೆ ಲೇಸರ್ ಹಾಯಿಸಬಾರದು. ದಾವಣಗೆರೆ, ಚಿತ್ರದುರ್ಗದ ಮಾರ್ಚ್–ಏಪ್ರಿಲ್ ಬಿಸಿಲು ಗೊತ್ತಲ್ಲ! ಮೇ ತಿಂಗಳಲ್ಲಿ ಮದುವೆಯಿದ್ದರೆ ಗಣೇಶನ ಹಬ್ಬದ ಹೊತ್ತಿಗೆ ಶುರು ಮಾಡಿ, ಶಿವರಾತ್ರಿಯ ಸುಮಾರಿಗೆ 6 ಸಿಟಿಂಗ್ ಮುಗಿಯುತ್ತವೆ. ಗಾಡಿ ಓಡಿಸುವವರು, ಹೊಲದಲ್ಲಿ ಕೆಲಸವಿರುವವರು ಅಷ್ಟೂ ತಿಂಗಳು ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಬಿಡಬಾರದು.

‘ಶಾಶ್ವತ ನಿರ್ಮೂಲನೆ’ ಎಂಬ ಬೋರ್ಡ್ ನಂಬಬೇಡಿ. ಕೂದಲು ಬಹಳಷ್ಟು ಕಡಿಮೆಯಾಗುತ್ತದೆ, ಉಳಿದದ್ದು ತೆಳುವಾಗುತ್ತದೆ. ವರ್ಷಕ್ಕೆ ಒಂದೆರಡು ಸಿಟಿಂಗ್ ಮತ್ತೆ ಬೇಕಾಗಬಹುದು, ಆ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.