ಕೋಳಿ ಗೂಡಿನ ನುಸಿ, ಮೈಮೇಲಿನ ಹೇನು: ಹುಳು ಮನೆ ಪಕ್ಕದಲ್ಲೇ ಕೋಳಿ ಸಾಕೋರಿಗೆ

ಕಾವಿಗೆ ಕೂತ ಹ್ಯಾಟೆ, ಇನ್ನೇನು ವಾರದಲ್ಲಿ ಮರಿ ಆಗುತ್ತೆ ಅನ್ನುವಾಗ ಮೊಟ್ಟೆ ಬಿಟ್ಟು ಎದ್ದು ಹೋದರೆ ನಮ್ಮ ಅತ್ತೆ "ಯಾರದೋ ಕಣ್ಣು ಬಿತ್ತು" ಅಂತಾರೆ. ನಾನು ಮಂಕರಿ ತಳದ ಹುಲ್ಲು ಎತ್ತಿ ನೋಡ್ತೀನಿ. ಬೇಸಿಗೆಯಲ್ಲಾದರೆ ಉತ್ತರ ಬಹುಪಾಲು ಅಲ್ಲೇ ಇರುತ್ತೆ. ಹುಲ್ಲಿನಡಿ ರಾಗಿ ಹಿಟ್ಟು ಚೆಲ್ಲಿದ ಹಾಗೆ ಬೂದುಬಣ್ಣದ ಪುಡಿ, ನಡುನಡುವೆ ಕೆಂಪು ಚುಕ್ಕೆ. ಸ್ವಲ್ಪ ಹೊತ್ತು ದಿಟ್ಟಿಸಿದರೆ ಆ ಪುಡಿ ಹರಿದಾಡುತ್ತೆ. ಮಂಕರಿ ಹಿಡಿದ ಕೈಗೆ ನವೆ ಹತ್ತಿದರೆ ಇನ್ನು ಅನುಮಾನವೇ ಬೇಡ, ನುಸಿ.

ನಮ್ಮದು ಪಾಂಡವಪುರ ತಾಲ್ಲೂಕು. ನಾಲೆ ನೀರು ಬರೋ ಕಡೆ ಕಬ್ಬು, ಭತ್ತ. ಮೇಲುಗಡೆ ಜಮೀನಲ್ಲಿ ಹಿಪ್ಪುನೇರಳೆ. ಮನೆ ಹಿಂದೆ ರೇಷ್ಮೆ ಹುಳು ಸಾಕೋ ಹುಳು ಮನೆ, ಅದರ ಗೋಡೆಗೆ ಒತ್ತಿಕೊಂಡೇ ಕೋಳಿ ಗೂಡು. ನಾಟಿ ಕೋಳಿ ಜಾಸ್ತಿ, ಒಂದಷ್ಟು ಗಿರಿರಾಜ ತಳಿ. ಹೀಗೆ ಎರಡೂ ಪಕ್ಕಪಕ್ಕ ಇರೋದರಿಂದ ನನಗೊಂದು ಕಟ್ಟುಪಾಡು. ದನದ ಉಣ್ಣೆಗೆ ಬಳಸೋ ಔಷಧಿಯನ್ನೇ ನೀರಿಗೆ ಬೆರೆಸಿ ಗೂಡಿಗೆ ಹೊಡೆದುಬಿಡಿ ಅಂತ ಎಲ್ಲರೂ ಸಲೀಸಾಗಿ ಹೇಳ್ತಾರೆ. ಅದರ ತುಂತುರು ಗಾಳಿಗೆ ಹಾರಿ ಹುಳು ಮನೆ ಕಿಟಕಿ ಹೊಕ್ಕರೆ ಬೆಳೆ ಅಲ್ಲಿಗೆ ಮುಗೀತು. ಆ ಔಷಧಿಗಳಲ್ಲಿರೋ ಡೆಲ್ಟಾಮೆಥ್ರಿನ್‌ಗಾಗಲಿ ಸೈಪರ್‌ಮೆಥ್ರಿನ್‌ಗಾಗಲಿ ಕೋಳಿ ನುಸಿ ಯಾವುದು, ರೇಷ್ಮೆ ಹುಳು ಯಾವುದು ಅನ್ನೋ ಭೇದ ಇಲ್ಲ. ಅದಕ್ಕೇ ನಮ್ಮಲ್ಲಿ ಬೆಂಕಿ, ಸುಣ್ಣ, ಬೂದಿ, ಎಣ್ಣೆ ಮೊದಲು, ಔಷಧಿ ಕೊನೆಗೆ. ರೇಷ್ಮೆ ಇಲ್ಲದವರಿಗೂ ಈ ಕ್ರಮವೇ ಒಳ್ಳೇದು ಅಂತ ನನ್ನ ಅಭಿಪ್ರಾಯ. ಮೊಟ್ಟೆ ತಿನ್ನೋರು ನಾವೇ ಅಲ್ಲವಾ?

ಮೊದಲು ಯಾವ ಹುಳ ಅಂತ ಪತ್ತೆ ಮಾಡಿ

ಕೋಳಿ ಮೈ ಕೆರೆದುಕೊಂಡಿತು ಅಂತ ಅಂಗಡಿಗೆ ಓಡಿ ಪುಡಿ ತರಬೇಡಿ. ಕೋಳಿ ರಕ್ತ ಹೀರೋ ಹುಳಗಳಲ್ಲಿ ಕೆಲವು ಕೋಳಿ ಮೈಮೇಲೇ ಇರುತ್ತವೆ, ಕೆಲವು ಗೂಡಿನ ಸಂದಿಯಲ್ಲಿದ್ದು ರಾತ್ರಿ ಮಾತ್ರ ಬಂದು ಕುಡಿದು ಹೋಗುತ್ತವೆ. ಎರಡನೇ ಜಾತಿಗೆ ಕೋಳಿ ಮೈಗೆ ಎಷ್ಟು ಪುಡಿ ಹಾಕಿದರೂ ದಂಡ. ಅವು ಅಲ್ಲಿ ಇರೋದೇ ಇಲ್ಲ.

ಹಗಲು ಒಂದು ಸಲ, ರಾತ್ರಿ ಒಂದು ಸಲ ನೋಡಬೇಕು. ಹಗಲು ಕೋಳಿ ಹಿಡಿದು ತೊಡೆ ಮೇಲೆ ಮಲಗಿಸಿ, ಮೊಟ್ಟೆ ಇಡೋ ಜಾಗದ ಸುತ್ತ ಗರಿ ಬಿಡಿಸಿ. ಆಮೇಲೆ ರೆಕ್ಕೆ ಕೆಳಗೆ, ಕತ್ತಿನ ಬುಡ. ಒಣಹುಲ್ಲಿನ ಬಣ್ಣದ, ಎರಡು ಮೂರು ಮಿಲಿಮೀಟರ್ ಉದ್ದದ ಹುಳ ಬೆಳಕು ಬಿದ್ದ ತಕ್ಷಣ ಸರಸರ ಓಡಿದರೆ ಹೇನು. ಗರಿಯ ಬುಡದಲ್ಲಿ ಬೆಳ್ಳಗೆ ಗಂಟುಗಂಟಾಗಿ ಅಂಟಿಕೊಂಡಿರೋದು ಅದರ ಸೀರು. ಓಡದೆ, ಗರಿಯೆಲ್ಲ ಕಪ್ಪಗೆ ಕೊಳೆ ಕಟ್ಟಿದಂತಿದ್ದು ಅದರೊಳಗೆ ಸಣ್ಣ ಚುಕ್ಕೆ ಹರಿದಾಡುತ್ತಿದ್ದರೆ ಮೈಮೇಲೇ ವಾಸ ಮಾಡೋ ನುಸಿ.

ಹಗಲು ಏನೂ ಕಾಣದೆ ಕೋಳಿ ಜುಟ್ಟು ಮಾತ್ರ ಬಿಳಿಚಿಕೊಂಡಿದೆಯಾ? ಮೊಟ್ಟೆ ಕಮ್ಮಿಯಾಗಿದೆಯಾ? ಸಂಜೆ ಗೂಡಿಗೆ ಹೋಗೋಕೆ ಹಟ ಮಾಡಿ ಹುಣಸೆ ಮರ ಹತ್ತುತ್ತಿದೆಯಾ? ಹಾಗಾದರೆ ಕತ್ತಲಾಗಿ ಎರಡು ಗಂಟೆ ಬಿಟ್ಟು ಟಾರ್ಚ್ ಹಿಡಿದು ಹೋಗಿ. ಕೋಳಿ ಕೂರೋ ಅಡ್ಡಗಳುವಿನ ಅಡಿಭಾಗಕ್ಕೆ ಒಂದು ಬಿಳಿ ಬಟ್ಟೆ ಒತ್ತಿ ಎಳೆಯಿರಿ. ಬಟ್ಟೆ ಮೇಲೆ ರಕ್ತದ ಗೆರೆ ಬಿದ್ದರೆ ಅದು ಕೆಂಪು ನುಸಿ. ಹೊಟ್ಟೆ ತುಂಬಿದಾಗ ಕೆಂಪು, ಹಸಿದಾಗ ಬೂದು. ಮೊಟ್ಟೆ ಚಿಪ್ಪಿನ ಮೇಲೆ ಸಣ್ಣ ರಕ್ತದ ಚುಕ್ಕೆ ಕಂಡರೂ ಕೋಳಿ ಮೈಯಡಿ ಇದೇ ನುಸಿ ಅರೆದುಹೋಗಿರಬಹುದು.

ಗೂಡಿನ ನುಸಿಗೆ ಬೆಂಕಿ

ಅತಿ ಹೆಚ್ಚು ಕಾಟ ಕೊಡೋದು ಇದೇ, ನಾನು ಅತಿ ಹೆಚ್ಚು ಹೊತ್ತು ಕೊಡೋದೂ ಇದಕ್ಕೇ. ನಮ್ಮ ಮಾರ್ಚ್, ಏಪ್ರಿಲ್ ಬಿಸಿಲಿಗೆ ಮೊಟ್ಟೆಯೊಡೆದ ನುಸಿ ಒಂದು ವಾರ, ಹತ್ತು ದಿನದಲ್ಲಿ ತಾನೇ ಮೊಟ್ಟೆ ಇಡೋ ಮಟ್ಟಕ್ಕೆ ಬರುತ್ತೆ. ಗೂಡು ಖಾಲಿ ಬಿಟ್ಟರೆ ಹಸಿದು ಸಾಯುತ್ತೆ ಅಂತ ಕೂರೋ ಹಾಗೂ ಇಲ್ಲ. ರಕ್ತ ಸಿಗದೆ ತಿಂಗಳುಗಟ್ಟಲೆ ಸಂದಿಯಲ್ಲಿ ಬದುಕಿರುತ್ತೆ.

ಬೆಳಿಗ್ಗೆ ಕೋಳಿ ಬಿಟ್ಟ ಮೇಲೆ ಗೂಡಿನಲ್ಲಿ ಬಿಚ್ಚಿ ಬರೋದೆಲ್ಲ ಬಯಲಿಗೆ ಬರಲಿ: ಅಡ್ಡಗಳು, ಮೊಟ್ಟೆ ಡಬ್ಬ, ಮಂಕರಿ, ಹಲಗೆ. ಹಳೇ ಹುಲ್ಲು, ಗೋಣಿತಟ್ಟನ್ನು ತಿಪ್ಪೆಗೆ ಹಾಕಬೇಡಿ, ಅಲ್ಲೇ ಸುಟ್ಟುಬಿಡಿ. ಗೋಡೆ, ನೆಲದ ಹಿಕ್ಕೆಯನ್ನು ಕೆರೆದು ತೆಗೆಯಿರಿ. ನುಸಿ ಇರೋದು ಎಲ್ಲಿ ಗೊತ್ತಾ? ಗಳುವಿನ ತುದಿ ಗೋಡೆಗೆ ತಾಗೋ ಕಡೆ, ಮೊಳೆ ತೂತು, ಎರಡು ಹಲಗೆ ಸೇರೋ ಜಾಗ, ತಗಡಿನ ಮಡಿಕೆ. ನಮ್ಮ ಗೂಡು ಹಳೇ ಮಂಚದ ಹಲಗೆಯದು. ಮಂಚದ ಕಾಲು ಕೂರಿಸೋ ತೂತುಗಳು ಹಾಗೇ ಇದ್ದವು, ಅದರೊಳಗೆ ಕಡ್ಡಿ ಹಾಕಿ ತಿರುವಿದರೆ ಕೆಂಪಗೆ ಮುದ್ದೆಯಾಗಿ ಬರೋದು. ಆ ತೂತುಗಳಿಗೆಲ್ಲ ಈಗ ಸಿಮೆಂಟು ಮೆತ್ತಿದ್ದೇವೆ. ಸಂದಿ ಕಮ್ಮಿಯಾದಷ್ಟೂ ನುಸಿಗೆ ಮನೆ ಕಮ್ಮಿ.

ರೇಷ್ಮೆ ಮಾಡೋರ ಮನೆಯಲ್ಲಿ ಫ್ಲೇಮ್ ಗನ್ ಇದ್ದೇ ಇರುತ್ತೆ, ಇಲ್ಲದಿದ್ದರೆ ಅಕ್ಕಪಕ್ಕದಲ್ಲಿ ಸಿಗುತ್ತೆ. ರೇಷ್ಮೆ ಗೂಡು ಮಾರಿದ ಮೇಲೆ ಹುಳು ಮನೆ ಶುದ್ಧ ಮಾಡೋಕೆ ಹೊಡೀತೀವಲ್ಲ, ಅದೇ. ಅದರ ಜ್ವಾಲೆಯನ್ನು ತಂತಿ ಜಾಲರಿ, ಕಬ್ಬಿಣದ ಚೌಕಟ್ಟು, ಇಟ್ಟಿಗೆ ಸಂದಿ, ತಗಡಿನ ಮಡಿಕೆ ಮೇಲೆ ನಿಧಾನವಾಗಿ ಆಡಿಸಿ. ಚಟಚಟ ಸದ್ದು ಕೇಳುತ್ತೆ. ಮರದ ಹಲಗೆ ಮೇಲಾದರೆ ನಿಲ್ಲಿಸದೆ ಬೇಗ ಹಾಯಿಸಿ, ಸೋಗೆ ಮಾಡಿನ ಕೆಳಗೆ ಮಾತ್ರ ಮುಟ್ಟಲೇಬೇಡಿ. ಪಕ್ಕದಲ್ಲಿ ಎರಡು ಬಿಂದಿಗೆ ನೀರಿರಲಿ. ಬಿದಿರು ಮಂಕರಿಗೆ ಬೆಂಕಿ ಆಗೋಲ್ಲ, ಕುದಿಯೋ ನೀರು ಸುರಿದು ದಿನವಿಡೀ ಬಿಸಿಲಿಗೆ ಬೋರಲು ಹಾಕಿ.

ಆಮೇಲೆ ಸುಣ್ಣ. ಸುಟ್ಟ ಸುಣ್ಣವನ್ನು ಹಿಂದಿನ ದಿನವೇ ನೀರಿಗೆ ಹಾಕಿ ಆರಿಸಿಟ್ಟುಕೊಳ್ಳಿ, ಕುದಿಯುವಾಗ ಹತ್ತಿರ ಬಗ್ಗಬೇಡಿ, ಕಣ್ಣಿಗೆ ಸಿಡಿದರೆ ಕಷ್ಟ. ಗೋಡೆಗೆ ಬಳಿಯೋದಕ್ಕಿಂತ ಗಟ್ಟಿಯಾಗಿ ಕಲಸಿ, ಬ್ರಷ್ಷಿನಿಂದ ಚುಚ್ಚಿ ಚುಚ್ಚಿ ಸಂದಿಗೆ ತುಂಬಿ. ಪೂರ್ತಿ ಒಣಗಿದ ಮೇಲೇ ಕೋಳಿ ಒಳಕ್ಕೆ.

ಅಡ್ಡಗಳುವನ್ನು ಗೋಡೆಗೆ ತೂರಿಸಬೇಡಿ. ನಾಲ್ಕು ಕಾಲಿನ ಒಂದು ಸ್ಟ್ಯಾಂಡ್ ಮಾಡಿ, ಗೋಡೆಗೆ ಎಲ್ಲೂ ತಾಗದ ಹಾಗೆ ನಡುವೆ ನಿಲ್ಲಿಸಿ, ಪ್ರತಿ ಕಾಲನ್ನೂ ಒಂದೊಂದು ಡಬ್ಬದಲ್ಲಿಟ್ಟು ಬೈಕಿನಿಂದ ತೆಗೆದ ಹಳೇ ಆಯಿಲ್ ಹಾಕಿ. ಗೋಡೆಯಿಂದ ರಾತ್ರಿ ಇಳಿದು ಬರೋ ನುಸಿ, ಉಣ್ಣೆ ಎರಡಕ್ಕೂ ದಾರಿ ಬಂದ್. ಕೋಳಿ ಬಾಯಿ ಹಾಕದ ಹಾಗೆ ಡಬ್ಬದ ಬಾಯಿ ಚಿಕ್ಕದಿರಲಿ.

ಬೆಂಕಿ, ಸುಣ್ಣ ಎರಡನ್ನೂ ಏಳು ದಿನಕ್ಕೊಮ್ಮೆಯಂತೆ ಮೂರು ಸಲ ಮಾಡಿ. ಮೊದಲ ಸಲ ಉಳಿದ ಮೊಟ್ಟೆ ಎರಡನೇ ಸಲದ ಹೊತ್ತಿಗೆ ಮರಿಯಾಗಿ ಸಿಗುತ್ತೆ. ಒಂದೇ ಸಲ ಮಾಡಿ "ಏನು ಮಾಡಿದರೂ ಹೋಗಲ್ಲ ಕಣಕ್ಕ" ಅನ್ನೋರೇ ನಮ್ಮೂರಲ್ಲಿ ಹೆಚ್ಚು.

ಗೂಡಿನ ಸೂರಿನಲ್ಲಿ ಗುಬ್ಬಿಯೋ ಗೊರವಂಕವೋ ಗೂಡು ಕಟ್ಟಿದ್ದರೆ, ಮರಿ ಹಾರಿಹೋದ ಮೇಲೆ ಆ ಕಸವನ್ನೂ ತೆಗೆದು ಸುಡಿ. ಅಲ್ಲಿಂದಲೂ ನುಸಿ ಬರುತ್ತೆ.

ಮೈಮೇಲಿನ ಹೇನು

ಹೇನಿನ ಬಾಳೆಲ್ಲ ಕೋಳಿ ಮೈಮೇಲೇ. ಮೈಬಿಟ್ಟರೆ ಒಂದು ವಾರವೂ ಬದುಕೋಲ್ಲ. ಹಾಗಾಗಿ ಇಲ್ಲಿ ಕೋಳಿಗೇ ಚಿಕಿತ್ಸೆ, ಅದೂ ಎಲ್ಲ ಕೋಳಿಗೂ ಒಂದೇ ದಿನ.

ಕೋಳಿ ತಾನೇ ಮಾಡಿಕೊಳ್ಳೋ ಮಣ್ಣಿನ ಸ್ನಾನಕ್ಕೆ ಮೊದಲು ಅನುಕೂಲ ಮಾಡಿಕೊಡಿ. ಮಳೆ ಬೀಳದ ಸೂರಿನಡಿ ಎರಡು ಮೂರಡಿ ಅಗಲ, ಮುಕ್ಕಾಲು ಅಡಿ ಆಳದ ಗುಂಡಿ. ಎರಡು ಪಾಲು ಸಣ್ಣ ಮರಳುಮಣ್ಣು, ಒಂದು ಪಾಲು ಜರಡಿ ಹಿಡಿದ ಬೂದಿ. ನಾವು ಆಲೆಮನೆಯಿಂದ ಕಬ್ಬಿನ ಸಿಪ್ಪೆ ಬೂದಿ ತರ್ತೀವಿ. ಆದರೆ ಕೆಲವು ಆಲೆಮನೆ ಒಲೆಗೆ ಟೈರು, ಪ್ಲಾಸ್ಟಿಕ್ ತುಂಬ್ತಾರೆ, ಆ ಬೂದಿ ಬೇಡವೇ ಬೇಡ. ಒಣಗಿಸಿ ಪುಡಿ ಮಾಡಿದ ಬೇವಿನ ಸೊಪ್ಪನ್ನೂ ಸೇರಿಸಬಹುದು. ಇಷ್ಟರಿಂದ ಹೇನು ಹದ್ದುಬಸ್ತಿನಲ್ಲಿರುತ್ತೆ. ಸೀರು ಗಂಟು ಕಟ್ಟಿದ ಕೋಳಿ ಇದರಿಂದ ವಾಸಿಯಾಗುತ್ತೆ ಅಂತ ಕಾಯಬೇಡಿ.

ಅಂಥ ಕೋಳಿಗೆ ಮೊದಲು ಸೀರು ಹತ್ತಿದ ಗರಿಗಳನ್ನು ಬುಡದವರೆಗೆ ಕತ್ತರಿಸಿ ಒಲೆಗೆ ಹಾಕಿ, ಕಿತ್ತರೆ ರಕ್ತ ಬರುತ್ತೆ. ಆಮೇಲೆ ಪಶು ಆಸ್ಪತ್ರೆಯಲ್ಲಿ ಕೇಳಿ ಪರ್ಮೆಥ್ರಿನ್ ಪುಡಿ ತನ್ನಿ. ಸಂಜೆ ಗೂಡಿಗೆ ಬಂದಾಗ ಹಿಡಿಯೋದು ಸುಲಭ. ಒಬ್ಬರು ಕಾಲು ಹಿಡಿಯಲಿ, ಇನ್ನೊಬ್ಬರು ಮೊಟ್ಟೆ ಇಡೋ ಜಾಗದ ಸುತ್ತ, ರೆಕ್ಕೆ ಕೆಳಗೆ, ಕತ್ತಿನ ಬುಡಕ್ಕೆ ಪುಡಿ ಉದುರಿಸಿ ಗರಿಯೊಳಗೆ ಉಜ್ಜಲಿ. ಮುಖಕ್ಕೆ ಬೇಡ. ಪುಡಿಗೆ ಸೀರು ಸಾಯೋಲ್ಲ, ಹಾಗಾಗಿ ಏಳರಿಂದ ಹತ್ತು ದಿನಕ್ಕೆ ಮತ್ತೊಮ್ಮೆ. ಮೈಮೇಲಿರೋ ನುಸಿಗೂ ಇದೇ ಪಾಠ, ಜೊತೆಗೆ ಮಂಕರಿ ಹುಲ್ಲು ಬದಲಾಗಬೇಕು.

ಹುಳು ಮನೆ ಇರೋರು ಈ ಕೆಲಸವನ್ನು ಎರಡು ಬೆಳೆ ನಡುವೆ ಇಟ್ಟುಕೊಳ್ಳಿ. ತಡೆಯೋಕಾಗದಿದ್ದರೆ ಕೋಳಿಯನ್ನು ಗಾಳಿ ಬೀಸೋ ದಿಕ್ಕು ನೋಡಿ ದೂರದ ಕೊಟ್ಟಿಗೆಗೆ ಒಯ್ಯಿರಿ, ಪುಡಿ ಹಾಕಿದ ಕೋಳಿ ಕೆಲವು ದಿನ ಅಲ್ಲೇ ಇರಲಿ. ಪುಡಿ ಮುಟ್ಟಿದೋರು ಅವತ್ತು ಸೊಪ್ಪು ಕೊಯ್ಯಬಾರದು, ಸ್ನಾನ ಮಾಡಿ ಬಟ್ಟೆ ಬದಲಿಸದೆ ಹುಳು ಮನೆ ಬಾಗಿಲು ದಾಟಬಾರದು. ದ್ರವದ ಔಷಧಿ ಹೊಡೆದ ಸ್ಪ್ರೇಯರನ್ನು ಹುಳು ಮನೆ ಕೆಲಸಕ್ಕೆ ಯಾವತ್ತೂ ತರಬೇಡಿ, ನಾಲೆಯಲ್ಲಿ ತೊಳೆಯಬೇಡಿ, ಮೀನಿಗೂ ವಿಷ. ಅಳತೆ ಡಾಕ್ಟರ್ ಬರೆದುಕೊಟ್ಟಂತೆ, ಸಿರಿಂಜಿನಲ್ಲಿ. ಬಾಟಲಿ ಮುಚ್ಚಳದ ಅಂದಾಜು ಬೇಡ. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಪುಡಿಯಿಂದ ದೂರ ಇಡಿ.

ಹಳಬರು ಈಗಲೂ ಗಮಾಕ್ಸಿನ್ ಪುಡಿ ಅಂತಾರೆ. ಅದರಲ್ಲಿರೋ ಬಿಎಚ್‌ಸಿ ಅನ್ನೋ ಕೀಟನಾಶಕ ನಮ್ಮ ದೇಶದಲ್ಲಿ 1997ರಲ್ಲೇ ನಿಷೇಧವಾಗಿದೆ. ಹೊಗೆಸೊಪ್ಪಿನ ಕಷಾಯದಲ್ಲಿ ಅದ್ದೋದೂ ಬೇಡ, ಅದರ ನಿಕೋಟಿನ್ ಚರ್ಮದಿಂದಲೇ ಒಳಗಿಳಿದು ಕೋಳಿಯನ್ನೇ ಕೊಲ್ಲಬಹುದು. ಸೀತಾಫಲದ ಬೀಜದ ಪುಡಿ ಹೇನಿಗೆ ಕೆಲಸ ಮಾಡುತ್ತೆ ನಿಜ, ಆದರೆ ಕಣ್ಣಿಗೆ ಬಿದ್ದರೆ ಕೋಳಿಗೂ ನಿಮಗೂ ಕಣ್ಣು ಹೋಗೋ ಅಪಾಯ. ನಾನು ಮುಟ್ಟೋಲ್ಲ.

ಉಣ್ಣೆ, ಕಾಲಿನ ಹುರುಪೆ

ಕೋಳಿ ಉಣ್ಣೆ ದನದ ಉಣ್ಣೆಯಲ್ಲ. ಚಪ್ಪಟೆಯಾಗಿ ಗೋಡೆ ಬಿರುಕಲ್ಲಿ, ಮರದ ತೊಗಟೆಯಲ್ಲಿ ಅವಿತಿರುತ್ತೆ, ಊಟವಿಲ್ಲದೆ ವರ್ಷಗಟ್ಟಲೆ ಇರಬಲ್ಲದು. ಮರಿ ಉಣ್ಣೆ ಮಾತ್ರ ಕೋಳಿ ರೆಕ್ಕೆ ಕೆಳಗೆ ಕಪ್ಪು ಚುಕ್ಕೆಯಾಗಿ ಕೆಲವು ದಿನ ಕಚ್ಚಿಕೊಂಡಿರುತ್ತೆ. ಗೂಡಿಗೆ ಮೇಲೆ ಹೇಳಿದ ಬೆಂಕಿ, ಸುಣ್ಣವೇ. ಉಣ್ಣೆ ಇರೋ ಕಡೆ ಕೋಳಿ ಜ್ವರ ಬಂದು ತೂಕಡಿಸಿ, ಹಸಿರು ಹಿಕ್ಕೆ ಹಾಕಿ, ಕಾಲು ಎಳೆದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಉಣ್ಣೆಯಿಂದ ಹರಡೋ ಸ್ಪೈರೋಕೀಟೋಸಿಸ್ ರೋಗ ಇದ್ದರೆ ಪೆನಿಸಿಲಿನ್‌ಗೆ ಬಗ್ಗುತ್ತೆ, ತಡವಾದರೆ ಕೋಳಿ ಉಳಿಯೋಲ್ಲ. ರಾಣಿಖೇತ್ ರೋಗ ಅಂದುಕೊಂಡು ಕೈಬಿಡೋರೇ ಜಾಸ್ತಿ.

ವಯಸ್ಸಾದ ಹುಂಜದ ಕಾಲಿನ ಚಿಪ್ಪು ಮೇಲೆದ್ದು ಬಿಳಿ ಹಿಟ್ಟು ಕಟ್ಟಿ ದಪ್ಪಗಾಗಿದ್ದರೆ ಅದು ವಯಸ್ಸಿನ ದೋಷವಲ್ಲ, ಚಿಪ್ಪಿನಡಿ ಕೊರೆಯೋ ಬೇರೊಂದು ನುಸಿ. ಉಗುರು ಬೆಚ್ಚನೆ ಸೋಪು ನೀರಲ್ಲಿ ಕಾಲು ಹತ್ತು ನಿಮಿಷ ಅದ್ದಿ, ಹಳೇ ಹಲ್ಲುಜ್ಜೋ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕಿ. ಚಿಪ್ಪು ಕೀಳಬೇಡಿ. ಒರೆಸಿ ಹೊಂಗೆ ಎಣ್ಣೆಯೋ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ದಪ್ಪಗೆ ಹಚ್ಚಿ, ನುಸಿಗೆ ಉಸಿರು ಕಟ್ಟಬೇಕು. ಎರಡು ಮೂರು ದಿನಕ್ಕೊಮ್ಮೆ, ಒಂದು ತಿಂಗಳು. ಹಳೇ ಚಿಪ್ಪು ಉದುರಿ ಕಾಲು ನುಣುಪಾಗೋಕೆ ಇನ್ನೂ ತಿಂಗಳುಗಳು ಬೇಕು. ಡೀಸೆಲ್‌ನಲ್ಲಿ ಅದ್ದಿದರೆ ಬೇಗ ವಾಸಿ ಅಂತಾರೆ. ಚರ್ಮ ಸುಟ್ಟು ಕುಂಟೋ ಹುಂಜ ನೋಡಿದ ಮೇಲೆ ಆ ಮಾತಿಗೆ ಬೆಲೆ ಕೊಡೋದು ಬಿಟ್ಟಿದ್ದೀನಿ.

ಇದಕ್ಕೂ ಬಗ್ಗದಿದ್ದರೆ ಡಾಕ್ಟರ್ ಐವರ್‌ಮೆಕ್ಟಿನ್ ಹಾಕಬಹುದು. ಮೊಟ್ಟೆ ಎಷ್ಟು ದಿನ ತಿನ್ನಬಾರದು, ಮಾಂಸ ಎಷ್ಟು ದಿನ ತಿನ್ನಬಾರದು ಅಂತ ಅಲ್ಲೇ ಕೇಳಿ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ನುಸಿ ಏರೋ ಕಾಲಕ್ಕೇ ನಮ್ಮ ಯುಗಾದಿ ಬರುತ್ತೆ, ಮಾರನೇ ದಿನ ಮಾಂಸದೂಟದ ಹೊಸತೊಡಕು. ಔಷಧಿ ಹಾಕಿದ ಹುಂಜವನ್ನು ಯಾರೋ ನೆಂಟರು ಬಂದರು ಅಂತ ಅವತ್ತು ಕೊಯ್ಯೋ ಹಾಗಿಲ್ಲ. ನಾನು ಅಂಥ ಕೋಳಿ ಕಾಲಿಗೆ ಕೆಂಪು ದಾರ ಕಟ್ಟಿರ್ತೀನಿ, ಮನೆಯವರಿಗೆಲ್ಲ ಗೊತ್ತು.

ಇನ್ನು ಸಂತೆಯಿಂದ ತಂದ ಕೋಳಿ. ಅದನ್ನು ತಂದ ಚೀಲ ಸುಟ್ಟು, ಕೋಳಿಯನ್ನು ಮೂರು ವಾರ ಬೇರೆ ಪಂಜರದಲ್ಲಿಡಿ. ಮೊದಲ ದಿನ ಒಮ್ಮೆ, ಹತ್ತನೇ ದಿನ ಇನ್ನೊಮ್ಮೆ ಗರಿ ಬಿಡಿಸಿ, ಕಾಲು ಎತ್ತಿ ನೋಡಿ, ಆಮೇಲೆ ಮಂದೆಗೆ ಬಿಡಿ.